ದಹಿಸರ್‌ನಿಂದ ಬರಬೇಕಾಗಿದ್ದ ಮಾತು

ಕೇಶವಮೂರ್ತಿಯವರ ಬಲಗೈಯ ತೋರುಬೆರಳು ಸೋತದ್ದು ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಆ ಒಂದು ಬೆರಳಿನಿಂದಲೇ ಅವರು ಮಾತಾಡುತ್ತಿದ್ದರು.

ಮೈಸೂರು ಕಡೆಯಿಂದ ಬಂದು, ಬಂದರಿನ ಬಳಿಯ ಒಂದು ತೈಲ ಕಂಪನಿಯಲ್ಲಿ ಎಂಜಿನಿಯರ್ ಆಗಿ, ವಡಾಲದ ಕಂಪನಿ ಕ್ವಾರ್ಟರ್ಸಿನಲ್ಲೇ ಸಂಸಾರ ಕಟ್ಟಿದವರು ಅವರು. ಹಿಂದಿನ ವರ್ಷ ಶರ್ಟಿನ ಗುಂಡಿ ಹಾಕಿಕೊಳ್ಳಲು ಬೆರಳು ಒದ್ದಾಡತೊಡಗಿತು. ಆಮೇಲೆ ನಾಲಿಗೆ ತೊದಲಿತು. ಪರೇಲ್‌ನ ದೊಡ್ಡ ಆಸ್ಪತ್ರೆಯ ನರರೋಗದ ಡಾಕ್ಟರು ಕಾಯಿಲೆಗೆ ಒಂದು ಉದ್ದದ ಹೆಸರು ಹೇಳಿ, ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುತ್ತವೆ, ಬುದ್ಧಿ ಮಾತ್ರ ಕೊನೆಯವರೆಗೂ ಹರಿತವಾಗಿಯೇ ಇರುತ್ತದೆ ಎಂದರು. ಔಷಧ ಇಲ್ಲ ಎಂದೂ ಹೇಳಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಮಗಳು ಶಾಮಲಾಗೆ, ಬುದ್ಧಿಯೂ ಜೊತೆಗೇ ಹೋಗುವಂತಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಕೇಶವಮೂರ್ತಿಯವರು ಕಂಪನಿಯಲ್ಲಿ ಕಂಪ್ಯೂಟರ್ ಕಲಿತವರು. ಮಾತು ಪೂರ್ತಿ ನಿಲ್ಲುವ ಮೊದಲೇ ಮನೆಗೊಂದು ಹಳೆಯ ಕಂಪ್ಯೂಟರ್ ತರಿಸಿಕೊಂಡರು. ಅದನ್ನು ಹಾಲಿನ ಮೇಜಿನ ಮೇಲೆ ಕೂರಿಸಿಕೊಟ್ಟವಳು ಅವರ ಕೈಕೆಳಗೆ ಕೆಲಸ ಕಲಿತ ವಿನೋದಿನಿ. ದಿನಾ ಬೆಳಿಗ್ಗೆ ತಾಯಿ ಮಗಳು ಸೇರಿ ಅವರನ್ನು ಗಾಲಿಕುರ್ಚಿಯಲ್ಲಿ ಹಾಲಿಗೆ ತರುವರು. ಅವರು ಒಂದು ಬೆರಳಿನಲ್ಲಿ ಕೀಲಿ ಒತ್ತಿ ಒತ್ತಿ, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವರು. ಗಂಜಿಗೆ ಉಪ್ಪು ಕಡಿಮೆ ಎಂದೋ, ಶಾಮಲಾ ಬ್ಯಾಂಕಿನ ಪರೀಕ್ಷೆ ಕಟ್ಟಲಿ ಎಂದೋ, ಪಕ್ಕದ ಮನೆಯವರ ರೇಡಿಯೊ ಕಿವಿ ಕೊರೆಯುತ್ತಿದೆ ಎಂದೋ. ಆ ಬೆರಳೂ ಸೋತ ಮೇಲೆ ಉಳಿದದ್ದು ಕಣ್ಣಿನ ರೆಪ್ಪೆ ಮತ್ತು ಎಡಗಾಲಿನ ಹೆಬ್ಬೆರಳಿನ ಸಣ್ಣ ಅಲುಗಾಟ.

ರೆಪ್ಪೆ ಮುಚ್ಚಿದರೆ ಹೌದು, ಕಣ್ಣು ಮೇಲೆತ್ತಿದರೆ ಅಲ್ಲ. ಇಷ್ಟರಲ್ಲೇ ಮನೆಯ ವ್ಯವಹಾರವೆಲ್ಲ ನಡೆಯಬೇಕಾಯಿತು. ಒಂದು ಮಧ್ಯಾಹ್ನ ಅವರ ಕಣ್ಣಿನಿಂದ ಸುಮ್ಮನೆ ನೀರು ಸುರಿಯತೊಡಗಿತು. ಬಾಯಾರಿಕೆಯೇ, ಬೆನ್ನು ನೋವೇ, ಫ್ಯಾನ್ ಬೇಡವೇ ಎಂದು ಶಾಮಲಾ ಕೇಳುತ್ತಲೇ ಹೋದಳು. ಎಲ್ಲದಕ್ಕೂ ಅವರ ಕಣ್ಣು ಮೇಲೆ. ಕೊನೆಗೆ ದಿಂಬು ಬದಲಿಸಲು ತಲೆ ಎತ್ತಿದಾಗ ಕಿವಿಯ ಹಿಂದೆ ಸಾಲುಗಟ್ಟಿದ ಕೆಂಪಿರುವೆಗಳು ಕಂಡವು. ಚರ್ಮ ಊದಿಕೊಂಡಿತ್ತು. ಅವಳು ಅವನ್ನು ಒರೆಸಿ, ಎಣ್ಣೆ ಹಚ್ಚಿ, ಬಾಲ್ಕನಿಗೆ ಹೋಗಿ ಅತ್ತಳು.

ಮರುದಿನವೇ ವಿನೋದಿನಿಗೆ ಹೇಳಿಕಳಿಸಿದಳು. ವಿನೋದಿನಿ ಬಂದು, ಕಾಲಿನ ಹೆಬ್ಬೆರಳು ಅಲುಗುವುದನ್ನು ಬಹಳ ಹೊತ್ತು ನೋಡಿ, ಇದು ಸಾಕು ಎಂದಳು. ಬಾಗಿಲಿನ ಕರೆಗಂಟೆಯ ಗುಂಡಿಯೊಂದನ್ನು ಹಲಗೆಗೆ ಬಿಗಿದು, ಕಂಪ್ಯೂಟರಿಗೆ ವೈರು ಎಳೆದು, ಹೆಬ್ಬೆರಳ ಕೆಳಗಿಡುವಂತೆ ಮಾಡಿಕೊಟ್ಟಳು. ಆದರೆ ಮನೆಯಲ್ಲಿದ್ದ ಪ್ರೋಗ್ರಾಮಿಗೆ ಒಂದೇ ಗುಂಡಿಯ ಭಾಷೆ ತಿಳಿಯದು. ಅದನ್ನು ತಿದ್ದಬಲ್ಲವನು ಊರಿನ ಇನ್ನೊಂದು ತುದಿಯ ದಹಿಸರ್‌ನ ರಮಾನಾಥ. ಉಡುಪಿ ಕಡೆಯವನು. ಅಪ್ಪನದು ಅಲ್ಲೇ ಸ್ಟೇಷನ್ ಹತ್ತಿರ ಹೋಟೆಲು. ಮಗ ಹೋಟೆಲಿನ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿಗೆ ಫೋನ್ ಜೋಡಿಸಿ, ಯಾರು ಬೇಕಾದರೂ ತಮ್ಮ ಕಂಪ್ಯೂಟರಿನಿಂದ ಫೋನ್ ಮಾಡಿ ಪ್ರೋಗ್ರಾಮುಗಳನ್ನು ಇಳಿಸಿಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದ. ಸಂಜೆ ಆ ಫೋನು ಹೋಟೆಲಿಗೆ ಬೇಕು, ಆದ್ದರಿಂದ ಹಗಲಿನಲ್ಲಿ ಮಾತ್ರ. ಹೊಸ ಪ್ರೋಗ್ರಾಮನ್ನು ಅವನು ವಾರದೊಳಗೆ ಬರೆದು ಮುಗಿಸಿದ. ಪರದೆಯ ಮೇಲೆ ಅಕ್ಷರಗಳ ಸಾಲುಗಳು. ಒಂದು ಬೆಳಕು ಸಾಲಿನಿಂದ ಸಾಲಿಗೆ ತಾನಾಗಿ ಸರಿಯುತ್ತದೆ. ಬೇಕಾದ ಸಾಲಿಗೆ ಬಂದಾಗ ಗುಂಡಿ ಒತ್ತಿದರೆ, ಆ ಸಾಲಿನೊಳಗೆ ಅಕ್ಷರದಿಂದ ಅಕ್ಷರಕ್ಕೆ ಹೋಗುತ್ತದೆ.

ರಮಾನಾಥ ಅದನ್ನು ಫ್ಲಾಪಿಯಲ್ಲಿ ಹಾಕಿ ವಿನೋದಿನಿಯ ಕೈಗೇ ಕೊಟ್ಟಿದ್ದ. ಮನೆಯ ಕಂಪ್ಯೂಟರ್ ಆ ಫ್ಲಾಪಿಯನ್ನು ಓದಲಿಲ್ಲ. ಬೇರೆ ಫ್ಲಾಪಿ ತಂದರು, ಅದನ್ನೂ ಓದಲಿಲ್ಲ. ಫ್ಲಾಪಿ ಓದುವ ಭಾಗದ ತಲೆ ಜಾರಿ, ತಾನು ಬರೆದದ್ದನ್ನು ಬಿಟ್ಟು ಬೇರೆಯವರು ಬರೆದದ್ದು ಅದಕ್ಕೆ ಕಾಣದಂತಾಗಿದೆ, ಹೊಸದು ಬರಲು ಎಷ್ಟು ದಿನವೋ ಎಂದು ವಿನೋದಿನಿ ಹೇಳಿದಳು. ಕಂಪ್ಯೂಟರನ್ನೇ ಟ್ಯಾಕ್ಸಿಯಲ್ಲಿ ದಹಿಸರ್‌ಗೆ ಒಯ್ಯೋಣವೆಂದರೆ ರಮಾನಾಥ ಬೇಡವೆಂದ. ಹಾರ್ಡ್ ಡಿಸ್ಕೂ ಹಳೆಯದು, ಆ ರಸ್ತೆಯಲ್ಲಿ ಕುಲುಕಿದರೆ ಇದ್ದದ್ದೂ ಹೋದೀತು. ಉಳಿದದ್ದು ಫೋನಿನ ದಾರಿ ಒಂದೇ. ವಿನೋದಿನಿ ಆಫೀಸಿನಿಂದ ಮೋಡೆಮ್ ತಂದು ಫೋನಿಗೂ ಕಂಪ್ಯೂಟರಿಗೂ ನಡುವೆ ಜೋಡಿಸಿ, ಶಾಮಲಾಗೆ ಕಲಿಸಿಕೊಟ್ಟು ಹೋದಳು.

ಮೊದಲ ದಿನ ಮೋಡೆಮ್ ಕಿರ್ರೆಂದು ಕೂಗಿ, ದಹಿಸರ್‌ನ ಕಂಪ್ಯೂಟರ್ ಉತ್ತರ ಕೊಟ್ಟು, ಪರದೆಯ ಮೇಲೆ ಅಂಕಿ ಏರತೊಡಗಿದಾಗ ಶಾಮಲಾಗೆ ಮೈ ಜುಮ್ಮೆಂದಿತು. ಅರ್ಧದಷ್ಟು ಬಂದಿತ್ತು. ಫಕ್ಕನೆ ನಿಂತಿತು. ಸಂಪರ್ಕ ಕಡಿದಿದೆ ಎಂಬ ಒಂದು ಸಾಲು ಬಂತು. ಮತ್ತೆ ಮಾಡಿದರೆ ಸೊನ್ನೆಯಿಂದಲೇ ಶುರು. ಅಂದು ಮೂರು ಸಲ ಮಾಡಿದಳು, ಮೂರು ಸಲವೂ ಕಡಿಯಿತು.

ರಮಾನಾಥನನ್ನು ಅವಳು ಅದುವರೆಗೆ ನೋಡಿರಲಿಲ್ಲ, ಫೋನಿನಲ್ಲೇ ಪರಿಚಯ. ಅವನು ತಾಳ್ಮೆಯ ಮನುಷ್ಯ. ವೇಗ ಇಳಿಸಿ ನೋಡಲು ಹೇಳಿದ. ಇಳಿಸಿದಳು. ನಿಧಾನವಾಯಿತೇ ಹೊರತು ಕಡಿಯುವುದು ತಪ್ಪಲಿಲ್ಲ. ಗೋಡೆಯಿಂದ ಮೋಡೆಮ್‌ಗೆ ಬರುವ ವೈರನ್ನು ಬದಲಿಸಲು ಹೇಳಿದ. ಬದಲಿಸಿದಳು. ಮನೆಯಲ್ಲಿ ಫ್ರಿಜ್ ಚಾಲೂ ಆಗುವಾಗ ಕಡಿಯುತ್ತದೆಯೋ ನೋಡಲು ಹೇಳಿದ. ಫ್ರಿಜ್ ಆರಿಸಿಟ್ಟಳು, ಹಾಲು ಒಡೆಯಿತು, ಸಂಪರ್ಕ ಹಾಗೇ ಕಡಿಯಿತು. ತಾಯಿ ಕೌಸಲ್ಯಾ ಒಡೆದ ಹಾಲನ್ನು ಸಿಂಕಿಗೆ ಸುರಿಯುತ್ತ ಏನೂ ಹೇಳಲಿಲ್ಲ.

ಕೌಸಲ್ಯಾ ಮೊದಲಿನಿಂದಲೂ ಮಾತು ಕಡಿಮೆಯವರೇನಲ್ಲ. ಕಾಲೋನಿಯ ಹೆಂಗಸರ ನಡುವೆ ಅವರದೇ ದೊಡ್ಡ ಗಂಟಲು. ಮಾಟುಂಗದ ಮಾರ್ಕೆಟಿನಲ್ಲಿ ಬಾಳೆಯೆಲೆಯವನ ಜೊತೆ ಅವರು ಮರಾಠಿಯಲ್ಲಿ ಜಗಳ ಆಡುವುದನ್ನು ಕೇಳಲು ಜನ ನಿಲ್ಲುತ್ತಿದ್ದರು. ಈಗ ಮಾತ್ರ ಗಂಡನ ಜೊತೆಗೇ ಅವರೂ ಮೂಕರಾಗುತ್ತಿದ್ದಾರೆ ಅನ್ನಿಸುತ್ತಿತ್ತು. ಗಂಜಿ ಕುಡಿಸುವುದು, ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಯಾವುದನ್ನೂ ಮಗಳಿಗೆ ಬಿಡುತ್ತಿರಲಿಲ್ಲ. ಶಾಮಲಾ ಹಾಲಿನಲ್ಲಿ ಕಂಪ್ಯೂಟರ್ ಮುಂದೆ ಕೂತರೆ ಅವರು ಒಳಕೋಣೆ ಸೇರುತ್ತಿದ್ದರು.

ಟೆಲಿಫೋನ್ ಲೈನ್‌ಮ್ಯಾನ್ ಶೆಟ್ಟೆಪ್ಪನನ್ನೂ ಕರೆಸಿದ್ದಾಯಿತು. ಬಿಜಾಪುರದ ಕಡೆಯ ಆಸಾಮಿ. ಮೆಟ್ಟಿಲ ಕೆಳಗಿನ ಡಬ್ಬಿ ಬಿಚ್ಚಿ, ವೈರು ಕೊಯ್ದು ಹೊಸದಾಗಿ ಹೆಣೆದು, ಮೇಲೆ ಬಂದು ಕಿವಿಗೆ ಫೋನ್ ಹಚ್ಚಿ ಬಹಳ ಹೊತ್ತು ಆಲಿಸಿದ. ಲೈನಿನಾಗ ಏನೂ ತೊಂದರಿ ಇಲ್ಲ, ಗಂಟಿ ಹೊಡದಂಗ ಐತಿ ಎಂದ. ಒಳಗೆ ಮಲಗಿದ್ದ ಕೇಶವಮೂರ್ತಿಯವರನ್ನು ಬಾಗಿಲಿನಿಂದಲೇ ನೋಡಿ, ಟೀ ಕುಡಿಯದೆ ಹೋದ.

ದಿನಗಳು ಹೀಗೇ ಹೋದವು. ಪರೇಲ್‌ನ ಡಾಕ್ಟರು ಮನೆಗೆ ಫೋನ್ ಮಾಡಿಸಿದ್ದರು. ನುಂಗುವುದು ಇನ್ನು ಹೆಚ್ಚು ದಿನ ನಡೆಯುವುದಿಲ್ಲ, ಹೊಟ್ಟೆಗೆ ತೂತು ಮಾಡಿ ಟ್ಯೂಬ್ ಹಾಕಬೇಕಾದೀತು. ಉಸಿರು ಸೋತರೆ ಗಂಟಲಿಗೂ ತೂತು, ಆಮೇಲೆ ಉಸಿರಾಟದ ಮೆಷಿನ್ನು. ರೋಗಿಯನ್ನು ಕೇಳಿ ತೀರ್ಮಾನ ತಿಳಿಸಿ ಎಂದಿದ್ದರು. ಕೇಳಿದ್ದಾಗಿದೆ, ಅವರು ಎಲ್ಲಕ್ಕೂ ಒಪ್ಪಿದ್ದಾರೆ ಎಂದು ಕೌಸಲ್ಯಾ ಹೇಳಿಬಿಟ್ಟಿದ್ದರು. ಶಾಮಲಾ ಅದನ್ನು ನಂಬಿದಳು. ನಂಬದಿರಲು ಕಾರಣವಿರಲಿಲ್ಲ.

ಒಂದು ಬೆಳಿಗ್ಗೆ ರಮಾನಾಥ, ಇವತ್ತು ತಾನೇ ಪರದೆಯ ಮುಂದೆ ಕೂತು ನೋಡುತ್ತೇನೆ, ನೀನು ಮಾಡು ಎಂದ. ಅವಳು ಮಾಡಿದಳು. ಮುಕ್ಕಾಲು ಬಂದಿತ್ತು, ಕಡಿಯಿತು. ಸ್ವಲ್ಪ ಹೊತ್ತಿಗೆ ಅವನೇ ಫೋನ್ ಮಾಡಿದ.

"ಶಾಮಲಾ, ಇದು ಲೈನಿನ ಗಲಾಟೆ ಅಲ್ಲ. ಗಲಾಟೆ ಆದ್ರೆ ನನ್ನ ಸ್ಕ್ರೀನಿನಲ್ಲಿ ತಪ್ಪುಗಳು ಸ್ವಲ್ಪ ಸ್ವಲ್ಪ ಹೆಚ್ಚಾಗ್ತಾ ಬರ್ತವೆ. ಇಲ್ಲಿ ಹಾಗಿಲ್ಲ. ಚಂದ ಹೋಗ್ತಾ ಇರ್ತದೆ, ಒಮ್ಮೆಗೇ ಕಟ್. ನಿಮ್ಮಲ್ಲಿ ಇನ್ನೊಂದು ಫೋನ್ ಉಂಟಾ?"

"ಇದೆ, ಒಳಗೆ ಅಪ್ಪನ ರೂಮಲ್ಲಿ. ಇದೇ ಲೈನಿಂದು, ಪ್ಯಾರಲಲ್."

"ಯಾರೋ ಅದರ ರಿಸೀವರ್ ಎತ್ತುತ್ತಾ ಇದ್ದಾರೆ ಮಾರಾಯ್ತಿ. ಎತ್ತಿದ ಕೂಡ್ಲೇ ಇದು ಕಟ್ ಆಗ್ತದೆ."

ಶಾಮಲಾ ಬಾಯಿಗೆ ಬಂದದ್ದು, ಅಲ್ಲಿ ಅಪ್ಪ ಅಮ್ಮನ ಹೊರತು ಯಾರೂ ಇಲ್ಲವಲ್ಲ ಎಂಬ ಮಾತು. ಹೇಳಲಿಲ್ಲ. ಇನ್ನೊಂದು ಸಲ ಮಾಡುತ್ತೇನೆ ಎಂದು ಫೋನ್ ಇಟ್ಟಳು.

ಮೋಡೆಮ್ ಕೂಗಿತು. ಅಂಕಿ ಏರತೊಡಗಿತು. ಅವಳು ಕುರ್ಚಿಯನ್ನು ಸದ್ದಾಗದಂತೆ ಸರಿಸಿ ಎದ್ದು, ಒಳಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಕೌಸಲ್ಯಾ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು. ಕೈಯಲ್ಲಿ ಗಂಜಿಯ ಲೋಟವಿತ್ತು. ಅದನ್ನು ನೆಲಕ್ಕಿಟ್ಟರು. ಸೆರಗಿನಿಂದ ಗಂಡನ ಬಾಯಿಯ ಅಂಚು ಒರೆಸಿದರು. ಆಮೇಲೆ, ಒಲೆಯ ಮೇಲಿನ ಪಾತ್ರೆ ಇಳಿಸುವಷ್ಟು ಸಲೀಸಾಗಿ, ಕೈಚಾಚಿ ರಿಸೀವರ್ ಎತ್ತಿ ಮಡಿಲಲ್ಲಿಟ್ಟುಕೊಂಡರು. ಅದರೊಳಗಿಂದ ಮೋಡೆಮ್‌ನ ಕೀರಲು ಸದ್ದು ಕೋಣೆಗೆಲ್ಲ ಕೇಳಿ, ನಿಂತುಹೋಯಿತು. ಕೇಶವಮೂರ್ತಿಯವರ ಕಣ್ಣು ಹೆಂಡತಿಯ ಕೈಯ ಮೇಲೇ ಇತ್ತು. ಇದು ಅವರಿಗೆ ಹೊಸದಲ್ಲವೆಂದು ಆ ನೋಟದಲ್ಲೇ ತಿಳಿಯುತ್ತಿತ್ತು. ಇಷ್ಟು ದಿನವೂ ಅವರ ಕಣ್ಣ ಮುಂದೆಯೇ ಇದು ನಡೆದಿತ್ತು.

ಶಾಮಲಾ ಅಲ್ಲೇ ಬಾಗಿಲಿನಿಂದ "ಅಮ್ಮ" ಎಂದಳು.

ಕೌಸಲ್ಯಾ ಬೆಚ್ಚಲಿಲ್ಲ. ರಿಸೀವರನ್ನು ಅದರ ಜಾಗದಲ್ಲಿಟ್ಟರು.

"ಯಾಕಮ್ಮ? ಎಷ್ಟು ದಿನದಿಂದ ನಾನು ಸಾಯ್ತಾ ಇದ್ದೀನಿ ಗೊತ್ತಾ ನಿಂಗೆ? ಲೈನ್‌ಮ್ಯಾನ್ ಬಂದ, ವೈರ್ ಚೇಂಜ್ ಮಾಡ್ದೆ, ನೀನು ನೋಡ್ತಾನೇ ಇದ್ದೆ."

"ಇವರು ಏನು ಬರೀತಾರೆ ಅಂತ ನಂಗೆ ಗೊತ್ತು ಕಣೆ."

"ಏನು ಗೊತ್ತು?"

ಕೌಸಲ್ಯಾ ಗಂಡನ ಕಡೆ ನೋಡದೆ ಹೇಳಿದರು. ಬೆರಳು ಸೋಲುವುದಕ್ಕೆ ಸ್ವಲ್ಪ ಮುಂಚೆ, ಶಾಮಲಾ ಕಾಲೇಜಿಗೆ ಹೋಗಿದ್ದಾಗ, ಕೇಶವಮೂರ್ತಿಯವರು ಹೆಂಡತಿಯನ್ನು ಕಂಪ್ಯೂಟರ್ ಮುಂದೆ ಕೂರಿಸಿಕೊಂಡು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬರೆದಿದ್ದರು. ಟ್ಯೂಬ್ ಬೇಡ. ಮೆಷಿನ್ ಬೇಡ. ಆಸ್ಪತ್ರೆಗೆ ಒಯ್ಯಬೇಡ. ಮನೆಯಲ್ಲೇ ಇರುತ್ತೇನೆ, ಬಿಟ್ಟುಬಿಡು. ಕೌಸಲ್ಯಾ ಪರದೆ ಆರಿಸಿ, ಅಡುಗೆಮನೆಗೆ ಹೋಗಿದ್ದರು. ಬೆರಳು ನಿಂತಾಗ ಎಲ್ಲರೆದುರು ಅತ್ತರೂ, ಒಳಗೆಲ್ಲೋ ಒಂದು ನಿರಾಳ ಬಂದಿತ್ತು. ಇನ್ನು ಇವರು ಅದನ್ನು ಮಗಳಿಗೂ ಡಾಕ್ಟರಿಗೂ ಹೇಳಲಾರರು.

"ಬಾಯಿ ಬಂದ್ರೆ ಮೊದಲು ಸಾವು ಕೇಳ್ತಾರೆ," ಎಂದರು ಕೌಸಲ್ಯಾ. "ಸುಮ್ಮನಿದ್ರೆ ಇರ್ತಾರೆ. ಹೀಗೇ ಇರ್ಲಿ. ನಾನು ನೋಡ್ಕೋತೀನಿ. ಎಷ್ಟು ವರ್ಷ ಆದ್ರೂ ನೋಡ್ಕೋತೀನಿ."

"ನೀನು ಅಪ್ಪನ ಬಾಯಿಗೆ ಬಟ್ಟೆ ತುರುಕಿದ್ದೀಯ. ಇರುವೆ ಕಚ್ಚಿದ್ದೂ ಹೇಳೋಕಾಗ್ದೆ ಬಿದ್ದಿದ್ರು, ಅದು ಗೊತ್ತಿದ್ದೂ."

ಆ ಮಾತಿಗೆ ಕೌಸಲ್ಯಾ ಮುಖ ಕಪ್ಪಿಟ್ಟಿತು. ಎದ್ದು, ಗಂಜಿಯ ಲೋಟ ತೆಗೆದುಕೊಂಡು ಅಡುಗೆಮನೆಗೆ ಹೋದರು. ಹೋಗುವಾಗ, ಮಾಡ್ಕೊ ಹೋಗು, ಆದರೆ ಅಲ್ಲಿ ಬಂದದ್ದನ್ನು ನನಗೆ ಓದಿ ಹೇಳಬೇಡ ಎಂದರು.

ಆವತ್ತು ಪ್ರೋಗ್ರಾಮ್ ಪೂರ್ತಿ ಬಂತು. ಅಂಕಿ ನೂರು ಮುಟ್ಟಿ, ಎಲ್ಲ ಸರಿಯಿದೆ ಎಂಬ ಸಾಲು ಬಂದಾಗ ಶಾಮಲಾಗೆ ಸಂತೋಷವೇನೂ ಆಗಲಿಲ್ಲ. ದಹಿಸರ್‌ನಿಂದ ರಮಾನಾಥ ಏನು ಸಮಸ್ಯೆ ಇತ್ತು ಎಂದು ಕೇಳಿದ. ರಿಸೀವರ್ ಸರಿಯಾಗಿ ಕೂತಿರಲಿಲ್ಲ ಎಂದಳು. ಅವನು, ಆಗ್ತದೆ, ಹಾಗೂ ಆಗ್ತದೆ ಎಂದ.

ಅಪ್ಪನನ್ನು ಹಾಲಿಗೆ ತಂದು, ಹೆಬ್ಬೆರಳ ಕೆಳಗೆ ಗುಂಡಿಯ ಹಲಗೆ ಇಟ್ಟು, ಅವಳು ಪಕ್ಕದಲ್ಲಿ ಕೂತಳು. ಬೆಳಕು ಸಾಲಿನಿಂದ ಸಾಲಿಗೆ ಸರಿಯಿತು. ಮೊದಮೊದಲು ಗುಂಡಿ ತಡವಾಗಿ ಒತ್ತಿ ಬೇರೆ ಅಕ್ಷರಗಳೇ ಬಿದ್ದವು. ಅವಳು ಬೆಳಕಿನ ವೇಗ ಕಡಿಮೆ ಮಾಡಿದಳು. ಅಪ್ಪ ಏನು ಬರೆಯುತ್ತಾರೆಂದು ತಿಳಿದೇ ಇತ್ತು. ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅಕ್ಷರಗಳು ಒಂದೊಂದಾಗಿ ಕೂಡಿ, ಬಿಸಿಲು ಬಾಲ್ಕನಿ ದಾಟಿ ಹೋಗುವ ಹೊತ್ತಿಗೆ ಒಂದು ಸಾಲಾಯಿತು. ಅಮ್ಮನ್ನ ಬೈಬೇಡ.

ಅವಳು ತಲೆಯಾಡಿಸಿದಳು. ಅಡುಗೆಮನೆಗೆ ಹೋಗಿ ಹೇಳೋಣವೆನ್ನಿಸಿತು. ಓದಿ ಹೇಳಬೇಡವೆಂದಿದ್ದು ನೆನಪಾಗಿ ಕೂತೇ ಇದ್ದಳು.

ಮಾರನೆಯ ದಿನದಿಂದ ಅವರು ತಮ್ಮ ಮಾತಿಗೆ ಬಂದರು. ಟ್ಯೂಬ್ ಬೇಡ ಎಂಬುದನ್ನು ಮಗಳಿಗೂ ಬರೆದರು. ಹೆದರಿಕೆಯಾಗುವುದಿಲ್ಲವೇ ಎಂದು ಅವಳು ಕೇಳಿದ್ದಕ್ಕೆ, ಆಗುತ್ತದೆ ಎಂದು ಬರೆದರು. ಮೆಷಿನ್ನಿಗೆ ಕಟ್ಟಿಕೊಂಡು ಬಿದ್ದಿರುವುದಕ್ಕೆ ಅದಕ್ಕಿಂತ ಹೆಚ್ಚು ಹೆದರಿಕೆ ಎಂದೂ ಬರೆದರು. ಕೌಸಲ್ಯಾ ಹಾಲಿನಲ್ಲಿ ಓಡಾಡುವಾಗ ಪರದೆಯ ಕಡೆ ಬೆನ್ನು ಮಾಡಿಕೊಂಡೇ ಹಾದುಹೋಗುತ್ತಿದ್ದರು. ತಾಯಿ ಮಗಳ ನಡುವೆ ಮಾತು ಅಕ್ಕಿ ಬೇಳೆಗಷ್ಟೇ ಉಳಿದಿತ್ತು.

ಒಂದು ಬೆಳಿಗ್ಗೆ ಗಂಜಿ ಶ್ವಾಸನಾಳಕ್ಕೆ ಹೋಗಿ ಕೇಶವಮೂರ್ತಿಯವರ ಮುಖ ನೀಲಿಗಟ್ಟಿತು. ಬೆನ್ನು ಗುದ್ದಿ, ತಲೆ ತಗ್ಗಿಸಿ, ಬಾಯೊಳಗೆ ಬೆರಳಿಟ್ಟು ತೆಗೆದು, ಹೇಗೋ ಉಳಿಸಿಕೊಂಡರು. ಕೌಸಲ್ಯಾ ಗಂಡನ ಮುಖ ತೊಳೆದು, ಬಟ್ಟೆ ಬದಲಿಸಿ, ತಾವೇ ಕುರ್ಚಿ ನೂಕಿಕೊಂಡು ಹಾಲಿಗೆ ತಂದರು. ಕಂಪ್ಯೂಟರ್ ಹಚ್ಚು ಎಂದು ಮಗಳಿಗೆ ಹೇಳಿದರು. ಗುಂಡಿಯ ಹಲಗೆಯನ್ನು ತಮ್ಮ ಕೈಯಾರೆ ಹೆಬ್ಬೆರಳ ಕೆಳಗಿಟ್ಟರು. ಪರದೆಯ ಎದುರು ನೆಲದ ಮೇಲೆ ಕೂತರು.

"ಹೇಳಿ, ಏನು ಹೇಳಬೇಕೋ ನನಗೇ ಹೇಳಿ."

ಅವರು ಬರೆದರು. ಟ್ಯೂಬ್ ಬೇಡ ಕೌಸಲ್ಯಾ.

"ಟ್ಯೂಬ್ ಒಂದು ಹಾಕಿಸ್ಕೊಳ್ಳಿ. ಮೆಷಿನ್ ಬೇಡ ಅಂದ್ರೆ ಬಿಡೋಣ. ಹೊಟ್ಟೆಗೆ ಹಾಕೋದಕ್ಕೇನು?"

ಒಂದು ಆದರೆ ಇನ್ನೊಂದು ಎಂದು ಪರದೆಯ ಮೇಲೆ ಬಂತು. ಕೌಸಲ್ಯಾ ವಾದಿಸಿದರು. ಬಾಳೆಯೆಲೆಯವನ ಜೊತೆ ಜಗಳವಾಡುತ್ತಿದ್ದ ಗಂಟಲು ಬಹಳ ದಿನದ ಮೇಲೆ ಆ ಮನೆಯಲ್ಲಿ ಕೇಳಿಸಿತು. ಮಗಳ ಮದುವೆ ನೋಡುವುದು ಬೇಡವೇ ಎಂದರು. ಮೂವತ್ತು ವರ್ಷ ಹಟ ಮಾಡಿ ಎಲ್ಲವನ್ನೂ ಸಾಧಿಸಿಕೊಂಡಿರಿ, ಇದೂ ಹಟವೇ ಎಂದರು. ಅವರು ನಾಲ್ಕು ವಾಕ್ಯ ಹೇಳುವಷ್ಟರಲ್ಲಿ ಪರದೆಯ ಮೇಲೆ ಒಂದು ಪದ ಬರುತ್ತಿತ್ತು. ಆ ಪದ ಮುಗಿಯುವವರೆಗೆ ಅವರು ಬಾಯಿ ಮುಚ್ಚಿ ಕಾಯುತ್ತಿದ್ದರು. ಜಗಳದ ನಡುವೆ ಹೀಗೆ ಕಾಯುವುದನ್ನು ನೋಡಲಾಗದೆ ಶಾಮಲಾ ಕಿಟಕಿಯ ಕಡೆ ತಿರುಗಿಕೊಂಡಳು. ಹಾರ್ಬರ್ ಲೈನಿನ ರೈಲುಗಾಡಿಯೊಂದು ಹಾದುಹೋದ ಸದ್ದಾಯಿತು.

ಕೊನೆಗೆ ಕೌಸಲ್ಯಾ ಧ್ವನಿ ಇಳಿಯಿತು.

"ನೀವು ಹೋದ ಮೇಲೆ ನಾನು ಏನ್ಮಾಡ್ಲಿ?"

ಬೆಳಕು ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಮತ್ತೆ ಮೇಲಕ್ಕೆ ಸರಿಯುತ್ತ ಹೋಯಿತು. ಹೆಬ್ಬೆರಳು ಅಲುಗಲಿಲ್ಲ. ಬೆರಳು ಸುಸ್ತಾಯಿತೇನೋ ಎಂದು ಶಾಮಲಾ ಬಗ್ಗಿ ನೋಡಿದಳು. ಅಪ್ಪನ ಕಣ್ಣು ಪರದೆಯ ಮೇಲಿರಲಿಲ್ಲ. ನೆಲದ ಮೇಲೆ ಕೂತಿದ್ದ ಅಮ್ಮನ ಮೇಲಿತ್ತು.

ವಿನೋದಿನಿಯನ್ನು ಗಂಡನ ಬಳಿ ಕೂರಿಸಿ, ಪರೇಲ್‌ಗೆ ಕೌಸಲ್ಯಾ ಮಗಳ ಜೊತೆ ಹೋಗಿ, ತಾವೇ ಡಾಕ್ಟರ ಮುಂದೆ ನಿಂತರು. ಮೊದಲು ಹೇಳಿದ್ದು ಸುಳ್ಳು, ಅವರಿಗೆ ಯಾವುದೂ ಬೇಡ ಎಂದು ತಮ್ಮ ಹರಕು ಹಿಂದಿಯಲ್ಲಿ ಹೇಳಿದರು. ಡಾಕ್ಟರು ಏನೂ ಬೈಯಲಿಲ್ಲ. ನೋವಿಗೂ ಉಬ್ಬಸಕ್ಕೂ ಔಷಧ ಬರೆದುಕೊಟ್ಟರು.

ಆಮೇಲೆ ಕೇಶವಮೂರ್ತಿಯವರು ಬಹಳ ದಿನ ಉಳಿಯಲಿಲ್ಲ. ಹೆಬ್ಬೆರಳ ಬಲವೂ ಬೇಗನೇ ಹೋಯಿತು. ರಮಾನಾಥ ಇನ್ನೂ ಹಗುರವಾಗಿ ಒತ್ತುವ ಗುಂಡಿಗೆಂದು ಪ್ರೋಗ್ರಾಮನ್ನು ಮತ್ತೊಮ್ಮೆ ತಿದ್ದಿ ಕಳಿಸಿದ. ಅದು ಒಂದೇ ಸಲಕ್ಕೆ ಬಂದಿಳಿಯಿತು, ಉಪಯೋಗಿಸುವ ಹೊತ್ತಿಗೆ ಕಾಲು ಕಲ್ಲಾಗಿತ್ತು. ಸಂಕ್ರಾಂತಿಯ ಮುಂದೆ ಜ್ವರ ಬಂದು ಎದೆಯಲ್ಲಿ ಕಫ ಕಟ್ಟಿತು. ಒಂದು ಬೆಳಿಗ್ಗೆ ಕೌಸಲ್ಯಾ ಒದ್ದೆ ಬಟ್ಟೆಯಿಂದ ಕತ್ತು ಒರೆಸುತ್ತಿದ್ದಾಗ ಉಸಿರು ನಿಂತಿತು. ಒರೆಸುವುದನ್ನು ಅವರು ಪೂರ್ತಿ ಮಾಡಿದರು, ಆಮೇಲೆ ಮಗಳನ್ನು ಕೂಗಿದರು.

ಉತ್ತರಕ್ರಿಯೆಗೆ ಮೈಸೂರಿನಿಂದ ಬಂದ ಕೌಸಲ್ಯಾ ಮೈದುನ ನಂಜುಂಡ, ಡಾಕ್ಟರು ಟ್ಯೂಬ್ ಹಾಕುತ್ತೇನೆಂದರೂ ಇವರು ಬಿಡಲಿಲ್ಲವಂತೆ, ಉಪವಾಸ ಕೆಡವಿ ಕೊಂದರು ಎಂದು ಬಂದವರ ಮುಂದೆಲ್ಲ ಹೇಳಿದ. ಶಾಮಲಾ ಉರಿದೆದ್ದಳು. ಕೌಸಲ್ಯಾ ಅವಳ ಕೈ ಹಿಡಿದು ಕೂರಿಸಿದರು. ಯಾರಿಗೂ ವಿವರಿಸಲಿಲ್ಲ.

ಬೇಸಿಗೆಗೆ ಮೊದಲು ಕ್ವಾರ್ಟರ್ಸ್ ಬಿಡಬೇಕಾಯಿತು. ಸಾಮಾನು ಕಟ್ಟುವ ದಿನ ತಾಯಿ ಮಗಳು ಹಳೆಯ ಪೇಪರುಗಳಲ್ಲಿ ಪಾತ್ರೆ ಸುತ್ತುತ್ತ ಕೂತಿದ್ದರು. ರಿಸೀವರ್ ಎತ್ತಿದ ಆ ದಿನಗಳ ಬಗ್ಗೆ ಶಾಮಲಾ ಆಮೇಲೆ ಒಂದು ಮಾತೂ ಕೇಳಿರಲಿಲ್ಲ. ಆ ವಾರಗಳಲ್ಲಿ ಅಪ್ಪನ ಹೆಬ್ಬೆರಳಲ್ಲಿ ಬಲವಿತ್ತು, ಏನೇನೋ ಹೇಳಬಹುದಿತ್ತು ಎಂಬ ಲೆಕ್ಕ ಅವಳ ತಲೆಯಲ್ಲಿ ಆಗಾಗ ಏಳುತ್ತಿತ್ತು. ಕೌಸಲ್ಯಾ ಕೈಯಲ್ಲಿನ ಪಾತ್ರೆಯನ್ನು ಕೆಳಗಿಡದೆ ತಾವಾಗಿಯೇ ಹೇಳಿದರು.

"ನಿಮ್ಮಪ್ಪ ಕೋಪ ಮಾಡ್ಕೊಂಡಿದ್ರೆ ಫೋನ್ ಎತ್ತೋದು ನಿಲ್ಲಿಸ್ಬಿಡ್ತಿದ್ದೆ ಕಣೆ. ದಿನಾ ಮುಖ ನೋಡ್ತಿದ್ದೆ. ಒಂದು ದಿನಾನೂ ಕೋಪ ಇರ್ಲಿಲ್ಲ."

ಕ್ಷಮಿಸಿದೆ ಎನ್ನಲು ಶಾಮಲಾಗೆ ಬಾಯಿ ಬರಲಿಲ್ಲ. ಪೇಪರಿನ ಹಾಳೆಯೊಂದನ್ನು ತಾಯಿಯ ಕಡೆ ಸರಿಸಿದಳು. ಕೆಳಗೆ ಟೆಂಪೋದವನು ಹಾರನ್ ಹೊಡೆದ. ಇಬ್ಬರೂ ಎದ್ದು ಮೊದಲ ಪೆಟ್ಟಿಗೆಯನ್ನು ಎರಡು ಕಡೆಯಿಂದ ಹಿಡಿದು ಮೆಟ್ಟಿಲಿಳಿಯತೊಡಗಿದರು.